ಮೋಶನ್ ಸರಿಯಾಗಿ ಆಗ್ತಿಲ್ವಾ? ಇಸಬ್ಗೋಲ್, ಸಿರಪ್, ಚೂರ್ಣ, ಮಾತ್ರೆಗಳಲ್ಲಿ ನಿಮಗೆ ಯಾವುದು

ರಾಜಾಜಿನಗರದ ನಮ್ಮ ಮೆಡಿಕಲ್ ಸ್ಟೋರ್‌ಗೆ ಬರುವವರು ಜ್ವರ, ಕೆಮ್ಮಿಗೆಲ್ಲ ಗಟ್ಟಿಯಾಗಿಯೇ ಔಷಧಿ ಕೇಳುತ್ತಾರೆ. ಮಲಬದ್ಧತೆಗೆ ಕೇಳುವಾಗ ಮಾತ್ರ ಕೌಂಟರ್ ಮೇಲೆ ಬಾಗುತ್ತಾರೆ. ಹಿಂದೆ ನಿಂತವರಿಗೆ ಕೇಳಿಸಬಾರದಲ್ಲ! ‘ಮೋಶನ್ ಫ್ರೀ ಆಗೋಕೆ ಏನಾದ್ರೂ ಕೊಡಿ, ಬೇಗ ಆಗೋದು’ ಅಂತ ಮೆಲ್ಲಗೆ ಹೇಳುತ್ತಾರೆ.

ಆ ‘ಬೇಗ ಆಗೋದು’ ಅನ್ನುವುದೇ ಎಡವಟ್ಟು. ಜನ ಔಷಧಿಗಳನ್ನು ಹೋಲಿಸುವುದು ಬೆಳಿಗ್ಗೆಯೊಳಗೆ ಕೆಲಸ ಮಾಡುತ್ತಾ ಇಲ್ಲವಾ ಅನ್ನುವ ಒಂದೇ ಅಳತೆಯಲ್ಲಿ. ಹಾಗೆ ನೋಡಿದರೆ ಚೂರ್ಣ ಯಾವಾಗಲೂ ಗೆಲ್ಲುತ್ತದೆ, ಇಸಬ್ಗೋಲ್ ಯಾವಾಗಲೂ ಸೋಲುತ್ತದೆ. ಆದರೆ ತಿಂಗಳುಗಟ್ಟಲೆ ಕಾಡುವ ತೊಂದರೆಗೆ ಕೇಳಬೇಕಾದ ಪ್ರಶ್ನೆ ಬೇರೆ. ನನ್ನದು ಯಾವ ಬಗೆಯ ಮಲಬದ್ಧತೆ? ಇದನ್ನು ನಾನು ದಿನಾ ತಗೊಂಡರೆ ನಡೆಯುತ್ತಾ? ಇವೆರಡಕ್ಕೆ ಉತ್ತರ ಸಿಕ್ಕರೆ ಶೆಲ್ಫ್ ಮೇಲಿನ ಅರ್ಧ ಡಬ್ಬಿಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ನಿಮ್ಮದು ಯಾವ ಬಗೆ?

ದಿನಾ ಆಗಲೇಬೇಕು ಅನ್ನುವ ನಿಯಮವೇನೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸರಿಯೇ, ಮೆತ್ತಗೆ, ತಿಣುಕದೆ ಹೋಗುತ್ತಿದ್ದರೆ. ಎರಡು ದಿನಕ್ಕೊಮ್ಮೆ ಆರಾಮಾಗಿ ಹೋಗುವವರಿಗೆ ಔಷಧಿ ಬೇಡ. ದಿನಾ ಹೋದರೂ ಹಿಕ್ಕೆ ಹಿಕ್ಕೆಯಾಗಿ, ಕಾಲು ಗಂಟೆ ತಿಣುಕಿ, ‘ಇನ್ನೂ ಉಳಿದಿದೆ’ ಅನ್ನಿಸಿಕೊಂಡು ಎದ್ದು ಬರುವವರಿಗೆ ಮಲಬದ್ಧತೆ ಇದೆ. ಡಾಕ್ಟರುಗಳು ಬಳಸುವ ಬ್ರಿಸ್ಟಲ್ ಪಟ್ಟಿ ಅಂತ ಒಂದಿದೆ. ಮಲದ ಆಕಾರವನ್ನು ಏಳು ಬಗೆ ಮಾಡಿ ತೋರಿಸುತ್ತದೆ. ಒಂದು, ಎರಡು ಅಂದರೆ ಗಟ್ಟಿ. ಮೂರು, ನಾಲ್ಕು ಸರಿಯಾದದ್ದು. ಆರು, ಏಳು ಬೇಧಿ. ಫೋನಿನಲ್ಲಿ ಹುಡುಕಿದರೆ ಚಿತ್ರ ಸಿಗುತ್ತದೆ. ಮುಜುಗರ ಪಟ್ಟುಕೊಂಡು ವರ್ಣಿಸುವುದಕ್ಕಿಂತ ಡಾಕ್ಟರ ಹತ್ತಿರ ‘ನನ್ನದು ಎರಡು’ ಅಂದರೆ ಮುಗಿಯಿತು.

ಇನ್ನು ಬಗೆಗಳು. ತುಂಬಾ ಜನರದ್ದು ಮೊದಲನೆಯದು. ಕರುಳಿನ ವೇಗ ಸರಿಯಾಗಿಯೇ ಇರುತ್ತದೆ. ಊಟದಲ್ಲಿ ನಾರು (ಫೈಬರ್) ಕಡಿಮೆ, ಹೊತ್ತಿಗೆ ಸರಿಯಾಗಿ ಹೋಗದೆ ತಡೆದುಕೊಳ್ಳುವುದು ಜಾಸ್ತಿ, ಹಾಗಾಗಿ ಮಲ ಗಟ್ಟಿಯಾಗುತ್ತದೆ. ಎರಡನೆಯದರಲ್ಲಿ ಕರುಳೇ ನಿಧಾನ. ವಾರಕ್ಕೆ ಒಂದೆರಡು ಸಲ ಮಾತ್ರ, ನಡುವೆ ಹೋಗಬೇಕು ಅನ್ನಿಸುವುದೇ ಇಲ್ಲ. ಮೂರನೆಯದರಲ್ಲಿ ತೊಂದರೆ ಇರುವುದು ಬಾಗಿಲಲ್ಲಿ. ಮಲ ಬಂದು ಗುದದ್ವಾರದ ಹತ್ತಿರ ಕೂತಿರುತ್ತದೆ. ತಿಣುಕುವಾಗ ಸಡಿಲವಾಗಬೇಕಾದ ಸ್ನಾಯು ಬಿಗಿಯಾಗುತ್ತದೆ. ಇಂಥವರಿಗೆ ಮಲ ಮೆತ್ತಗಿದ್ದರೂ ಹೊರಗೆ ಬರುವುದಿಲ್ಲ. ಕೆಲವರು ಬೆರಳಿನಿಂದ ಒತ್ತಿ ತೆಗೆಯಬೇಕಾಗುತ್ತದೆ, ಯಾರ ಹತ್ತಿರವೂ ಹೇಳುವುದಿಲ್ಲ.

ಈ ಮೂರನೇ ಬಗೆಯವರು ಒಂದಾದ ಮೇಲೊಂದು ಚೂರ್ಣ, ಸಿರಪ್ ಬದಲಾಯಿಸುತ್ತಾ ದುಡ್ಡು ಕಳೆಯುವುದನ್ನು ನೋಡಿದರೆ ಬೇಜಾರಾಗುತ್ತದೆ. ಅವರಿಗೆ ಬೇಕಾದ ಚಿಕಿತ್ಸೆ ಅಂಗಡಿಯಲ್ಲೇ ಇಲ್ಲ. ಆ ಮಾತು ಮುಂದೆ.

ಔಷಧಿ ಕೊಳ್ಳುವ ಮುಂಚೆ ಮನೆಯ ಔಷಧಿ ಡಬ್ಬಿ ನೋಡಿ

ಒಂದು ಔಷಧಿಯಿಂದ ಆದ ಮಲಬದ್ಧತೆಗೆ ಇನ್ನೊಂದು ಔಷಧಿ ಕೊಳ್ಳುವವರು ಬಹಳ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಅಲ್ಯೂಮಿನಿಯಂ ಇರುವ ಆಂಟಾಸಿಡ್, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ವೆರಪಮಿಲ್‌ನಂಥ ಕೆಲವು ಬಿಪಿ ಮಾತ್ರೆಗಳು ಇವೆಲ್ಲ ಹೊಟ್ಟೆ ಕಟ್ಟಿಸಬಲ್ಲವು. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಗಳೂ ಸೇರಿ. ಹೊಸ ಮಾತ್ರೆ ಶುರುವಾದ ವಾರದಲ್ಲೇ ಈ ತೊಂದರೆ ಶುರುವಾಗಿದ್ದರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ. ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ಕೊಡುವುದೋ ಬೇರೆ ಬಗೆಯದ್ದು ಕೊಡುವುದೋ ಅವರೇ ನೋಡುತ್ತಾರೆ.

ಸುಸ್ತು, ತೂಕ ಏರುವುದು, ಚಳಿ ತಡೆಯದಿರುವುದು ಜೊತೆಗಿದ್ದರೆ ಥೈರಾಯ್ಡ್ ಟೆಸ್ಟ್ ಮಾಡಿಸಿ. ಸಕ್ಕರೆ ಕಾಯಿಲೆ ಹಳೆಯದಾದವರಿಗೂ, ಪಾರ್ಕಿನ್ಸನ್ ಇರುವವರಿಗೂ ಕರುಳು ನಿಧಾನವಾಗುತ್ತದೆ.

ಊಟವಾ, ಔಷಧಿಯಾ?

ಮೊದಲನೇ ಬಗೆಯವರು ಇಲ್ಲಿಂದಲೇ ಶುರು ಮಾಡಬೇಕು. ಬೆಂಗಳೂರಿನ ದಿನದ ಊಟವನ್ನು ಸ್ವಲ್ಪ ನೋಡಿ. ಬೆಳಿಗ್ಗೆ ದರ್ಶಿನಿಯಲ್ಲಿ ಇಡ್ಲಿ ಅಥವಾ ರೈಸ್ ಬಾತ್, ಮಧ್ಯಾಹ್ನ ಬಿಳಿ ಅನ್ನ ಸಾರು, ಸಂಜೆ ಬೇಕರಿಯಲ್ಲಿ ಪಫ್ಸು, ರಾತ್ರಿ ಮತ್ತೆ ಅನ್ನ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು ಅನ್ನುತ್ತಾರೆ. ಈ ಊಟದಲ್ಲಿ ಅದು ಎಲ್ಲಿಂದ ಬರಬೇಕು? ಪಾಲಿಶ್ ಅಕ್ಕಿಯಲ್ಲಿ 100 ಗ್ರಾಂಗೆ ನಾರು 3 ಗ್ರಾಂ ಹತ್ತಿರ. ರಾಗಿಯಲ್ಲಿ 11 ಗ್ರಾಂ ಹತ್ತಿರ. ಒಂದು ಹೊತ್ತು ಅನ್ನದ ಬದಲು ಮುದ್ದೆ, ಜೊತೆಗೆ ಬಸ್ಸಾರು, ಬಸಿದ ಸೊಪ್ಪು ಕಾಳಿನ ಪಲ್ಯ ಅಂದರೆ ಲೆಕ್ಕವೇ ಬದಲಾಗುತ್ತದೆ. ಆದರೆ ರಾಗಿ ಹಿಟ್ಟನ್ನು ಬಿಳುಪು ಬರುವ ತನಕ ನುಣ್ಣಗೆ ಜರಡಿ ಹಿಡಿದರೆ ನಾರು ಜರಡಿಯಲ್ಲೇ ಉಳಿಯುತ್ತದೆ.

ಹಣ್ಣಿನಲ್ಲಿ ನನ್ನ ಮತ ಸೀಬೆಗೆ. 100 ಗ್ರಾಂ ಸೀಬೆಯಲ್ಲಿ 5 ಗ್ರಾಂಗಿಂತ ಜಾಸ್ತಿ ನಾರಿದೆ, ಬಾಳೆಹಣ್ಣಿನಲ್ಲಿ ಅದರ ಅರ್ಧವೂ ಇಲ್ಲ. ಬಾಳೆ ಕಾಯಾಗಿದ್ದರೆ ಇನ್ನೂ ಕಟ್ಟುತ್ತದೆ, ಚೆನ್ನಾಗಿ ಹಣ್ಣಾದದ್ದು ಪರವಾಗಿಲ್ಲ. ದಿನಕ್ಕೆರಡು ಹಸಿರು ಕಿವಿ ಹಣ್ಣು ತಿಂದರೆ ಮೋಶನ್ ಸಲೀಸಾಗುತ್ತದೆ ಅಂತ ಪರೀಕ್ಷೆಗಳು ತೋರಿಸಿವೆ. ಪ್ರೂನ್ಸ್ ಅಂತ ಮಾರುವ ಒಣ ಪ್ಲಮ್ ಹಣ್ಣೂ ಚೆನ್ನಾಗಿ ಕೆಲಸ ಮಾಡುತ್ತದೆ. ಅದರಲ್ಲಿ ನಾರಿನ ಜೊತೆ ಸಾರ್ಬಿಟಾಲ್ ಇದೆ, ಅದು ಕರುಳಿಗೆ ನೀರು ಎಳೆಯುತ್ತದೆ. ಎರಡೂ ದುಬಾರಿ. ಹಾಪ್‌ಕಾಮ್ಸ್‌ನಲ್ಲಿ ಸೀಬೆ, ಪಪ್ಪಾಯಿ ಸಿಗುವಾಗ ಅವನ್ನು ಬಿಟ್ಟು ಸೂಪರ್ ಮಾರ್ಕೆಟ್‌ನಲ್ಲಿ ಕಿವಿ ಹುಡುಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ನೀರಿನ ವಿಷಯದಲ್ಲಿ ಸ್ವಲ್ಪ ಅತಿಯಾಗಿದೆ. ನೀರು ಕಡಿಮೆ ಕುಡಿಯುತ್ತಿದ್ದರೆ ಜಾಸ್ತಿ ಕುಡಿದಾಗ ಉಪಯೋಗವಾಗುತ್ತದೆ. ಆಗಲೇ ಸಾಕಷ್ಟು ಕುಡಿಯುವವರು ಇನ್ನೆರಡು ಲೀಟರ್ ಕುಡಿದರೆ ಮೂತ್ರ ಜಾಸ್ತಿಯಾಗುತ್ತದೆ, ಅಷ್ಟೇ.

ಹೊತ್ತು ಮಾತ್ರ ನಿಜವಾಗಿಯೂ ಮುಖ್ಯ. ಎದ್ದ ಮೇಲೆ ಮತ್ತು ಊಟ ತಿಂಡಿಯಾದ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗಿಯೇ ಜೋರಾಗಿ ಹಿಂಡುತ್ತದೆ. ಫಿಲ್ಟರ್ ಕಾಫಿ ಕುಡಿದ ಕೂಡಲೇ ಎಷ್ಟೋ ಜನ ಎದ್ದು ಹೋಗುವುದು ಸುಮ್ನೆ ಅಭ್ಯಾಸವಲ್ಲ, ಕಾಫಿ ಕರುಳನ್ನು ನಿಜಕ್ಕೂ ಚುರುಕು ಮಾಡುತ್ತದೆ. ನಮ್ಮ ಊರಿನ ಕಷ್ಟ ಏನಂದರೆ ಆ ಹೊತ್ತಿಗೆ ಜನ ಆಫೀಸ್ ಕ್ಯಾಬ್ ಹತ್ತಿ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕೂತಿರುತ್ತಾರೆ. ಅಥವಾ ಪಿಜಿಯಲ್ಲಿ ಒಂದೇ ಬಾತ್‌ರೂಮಿನ ಮುಂದೆ ಕ್ಯೂ ನಿಂತಿರುತ್ತಾರೆ. ಬಂದದ್ದನ್ನು ತಡೆದರೆ ಅದು ಅಲ್ಲೇ ನಿಂತು ನೀರು ಕಳೆದುಕೊಂಡು ಇನ್ನಷ್ಟು ಗಟ್ಟಿಯಾಗುತ್ತದೆ. ಇಪ್ಪತ್ತು ನಿಮಿಷ ಮುಂಚೆ ಎದ್ದು, ತಿಂಡಿ ತಿಂದು, ಹತ್ತು ನಿಮಿಷ ಕೂತು ಹೊರಡುವುದಾದರೆ ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ಫೋನ್ ಹೊರಗಿಡಿ. ಅರ್ಧ ಗಂಟೆ ರೀಲ್ಸ್ ನೋಡುತ್ತಾ ಕಮೋಡ್ ಮೇಲೆ ಕೂತರೆ ಮೂಲವ್ಯಾಧಿಗೆ ದಾರಿ.

ಕಮೋಡ್‌ನಲ್ಲಿ ಕೂರುವವರು ಕಾಲ ಕೆಳಗೆ ಗೇಣುದ್ದದ ಒಂದು ಸ್ಟೂಲ್ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು. ಕುಕ್ಕರಗಾಲಲ್ಲಿ ಕೂತಾಗ ಗುದನಾಳ ನೇರವಾಗುತ್ತದೆ, ತಿಣುಕುವುದು ಕಡಿಮೆಯಾಗುತ್ತದೆ. ಬಚ್ಚಲ ಪ್ಲಾಸ್ಟಿಕ್ ಸ್ಟೂಲೇ ಸಾಕು, ಅದಕ್ಕೆಂದೇ ಮಾರುವ ದುಬಾರಿ ಸ್ಟೂಲ್ ಬೇಡ.

ಇಸಬ್ಗೋಲ್: ನಿಧಾನ, ಆದರೆ ದಿನಾ ನಡೆಯುತ್ತದೆ

ಊಟದಿಂದ ಸಾಲದಿದ್ದರೆ ಮೊದಲ ಡಬ್ಬಿ ಇದೇ ಆಗಲಿ. ಇಸಬ್ಗೋಲ್ ಗಿಡದ ಬೀಜದ ಹೊಟ್ಟು ಇದು. ಗುಜರಾತ್, ರಾಜಸ್ಥಾನದ ಕಡೆ ಬೆಳೆಯುತ್ತಾರೆ, ಜಗತ್ತಿಗೆಲ್ಲ ಅಲ್ಲಿಂದ ಹೋಗುತ್ತದೆ. ನೀರಿಗೆ ಬಿದ್ದರೆ ಕಾಮಕಸ್ತೂರಿ ಬೀಜದ ಹಾಗೆ ಉಬ್ಬಿ ಲೋಳೆಯಾಗುತ್ತದೆ. ಆ ಲೋಳೆಯೇ ಮಲಕ್ಕೆ ಗಾತ್ರ ಕೊಟ್ಟು ಮೆತ್ತಗಿಡುತ್ತದೆ.

‘ತಗೊಂಡೆ, ಏನೂ ಆಗಲಿಲ್ಲ’ ಅನ್ನುವವರಲ್ಲಿ ಹೆಚ್ಚಿನವರು ತಗೊಂಡ ರೀತಿಯೇ ತಪ್ಪಿರುತ್ತದೆ. ಒಂದು ದಿನ ಕುಡಿದು ಮಾರನೇ ದಿನ ಬಿಟ್ಟಿರುತ್ತಾರೆ. ಇದು ಕೆಲಸ ಮಾಡುವುದಕ್ಕೆ 12ರಿಂದ 72 ಗಂಟೆ ಬೇಕು. ಪೂರ್ತಿ ಗುಣ ಗೊತ್ತಾಗಬೇಕಾದರೆ ಎರಡು ವಾರ ಬಿಡದೆ ತಗೊಳ್ಳಬೇಕು. ಇನ್ನು ಕೆಲವರು ಅರ್ಧ ಲೋಟ ನೀರಿಗೆ ಹಾಕಿ, ಟಿವಿ ನೋಡುತ್ತಾ ಮರೆತು, ಲೋಟದಲ್ಲೇ ಗಟ್ಟಿಯಾದ ಮೇಲೆ ಚಮಚದಲ್ಲಿ ತಿನ್ನುತ್ತಾರೆ. ಮೊಸರಿಗೆ ಕಲಸಿಕೊಳ್ಳುವವರೂ ಇದ್ದಾರೆ, ಅದು ನಮ್ಮ ಮನೆಗಳಲ್ಲಿ ಬೇಧಿಗೆ ಕೊಡುವ ರೀತಿ.

ಸರಿಯಾದ ಕ್ರಮ ಹೀಗೆ. ಮೊದಲ ವಾರ ದಿನಕ್ಕೊಂದು ಟೀ ಚಮಚ. ದೊಡ್ಡ ಲೋಟ ತುಂಬಾ, ಅಂದರೆ 240 ಎಂಎಲ್ ಹತ್ತಿರ ನೀರಿಗೆ ಹಾಕಿ, ಕಲಕಿ, ತಕ್ಷಣ ಕುಡಿಯಿರಿ. ಮೇಲೆ ಇನ್ನರ್ಧ ಲೋಟ ನೀರು. ಆಮೇಲೆ ಎರಡು ಚಮಚಕ್ಕೆ ಏರಿಸಿ. ಒಂದೇ ಸಲ ಜಾಸ್ತಿ ಮಾಡಿದರೆ ಗ್ಯಾಸ್ ಬಂದು ಹೊಟ್ಟೆ ಉಬ್ಬರಿಸುತ್ತದೆ. ರಾತ್ರಿ ಊಟದ ನಂತರ ಕುಡಿಯಬಹುದು, ಕುಡಿದ ತಕ್ಷಣ ಮಲಗಬೇಡಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ರುಚಿ ಸೇರಿಸಿದ ಪೌಡರ್‌ಗಳಲ್ಲಿ ಸಕ್ಕರೆ ಇರಬಹುದು. ಶುಗರ್ ಇರುವವರು ಸಾದಾ ಹೊಟ್ಟನ್ನೇ ಕೊಳ್ಳಿ. ಅದೇ ಅಗ್ಗವೂ ಹೌದು.

ಬೇಡದವರೂ ಇದ್ದಾರೆ. ನುಂಗುವುದು ಕಷ್ಟ ಇರುವವರು, ಕರುಳು ಎಲ್ಲಾದರೂ ಕಿರಿದಾಗಿದೆ ಅಂತ ಗೊತ್ತಿರುವವರು, ಹಾಸಿಗೆ ಹಿಡಿದು ನೀರು ಕಡಿಮೆ ಕುಡಿಯುವ ಹಿರಿಯರು ಇದನ್ನು ತಗೊಳ್ಳಬಾರದು. ನೀರಿಲ್ಲದೆ ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಕರುಳೇ ನಿಧಾನವಿರುವ ಎರಡನೇ ಬಗೆಯವರಿಗೆ ಮತ್ತು ಬಾಗಿಲ ತೊಂದರೆಯವರಿಗೆ ನಾರು ಜಾಸ್ತಿ ಮಾಡಿದಷ್ಟೂ ಹೊಟ್ಟೆ ಭಾರ ಜಾಸ್ತಿಯಾಗುವುದುಂಟು.

ಲ್ಯಾಕ್ಟುಲೋಸ್ ಸಿರಪ್ಪಾ, ಪೆಗ್ ಪೌಡರಾ?

ಎರಡೂ ಒಂದೇ ಜಾತಿ. ಕರುಳಿನೊಳಕ್ಕೆ ನೀರು ಎಳೆದು ಮಲ ಮೆತ್ತಗೆ ಮಾಡುತ್ತವೆ. ಇಸಬ್ಗೋಲ್ ಸಾಲದಿದ್ದರೆ, ಹೊಟ್ಟೆ ಉಬ್ಬರದಿಂದ ಅದು ಒಗ್ಗದಿದ್ದರೆ ಮುಂದಿನ ಮೆಟ್ಟಿಲು ಇವು.

ಲ್ಯಾಕ್ಟುಲೋಸ್ ಸಿಹಿ ಸಿರಪ್. ದೊಡ್ಡವರಿಗೆ ಸಾಮಾನ್ಯವಾಗಿ 15ರಿಂದ 30 ಎಂಎಲ್. ಗುಣ ಕಾಣಲು ಒಂದೆರಡು ದಿನ. ಕರುಳಿನ ಬ್ಯಾಕ್ಟೀರಿಯಾಗಳು ಇದನ್ನು ಹುಳಿಸುವುದರಿಂದ ಗ್ಯಾಸ್ ಜಾಸ್ತಿ. ಆಫೀಸ್ ಮೀಟಿಂಗ್‌ಗಳಲ್ಲಿ ಕೂರುವವರು ಇದೇ ಕಾರಣಕ್ಕೆ ಬಿಡುತ್ತಾರೆ. ಬಸುರಿಯರಿಗೆ ಡಾಕ್ಟರುಗಳು ಧೈರ್ಯವಾಗಿ ಬರೆಯುವ ಔಷಧಿಗಳಲ್ಲಿ ಇದೂ ಒಂದು.

ಪೆಗ್ ಅಂದರೆ ಪಾಲಿಎಥಿಲೀನ್ ಗ್ಲೈಕಾಲ್. 17 ಗ್ರಾಂ ಪೌಡರನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ಕುಡಿಯುವುದು. ಒಂದರಿಂದ ಮೂರು ದಿನದಲ್ಲಿ ಕೆಲಸ ಮಾಡುತ್ತದೆ. ಹುಳಿಯುವುದಿಲ್ಲ, ಗ್ಯಾಸ್ ಕಡಿಮೆ, ತಿಂಗಳುಗಟ್ಟಲೆ ತಗೊಂಡರೂ ಶಕ್ತಿ ಕುಂದುವುದಿಲ್ಲ. 2023ರಲ್ಲಿ ಅಮೆರಿಕದ ಎರಡು ಗ್ಯಾಸ್ಟ್ರೋ ವೈದ್ಯರ ಸಂಘಗಳು ಸೇರಿ ಹೊರತಂದ ಮಾರ್ಗಸೂಚಿಯಲ್ಲಿ ಪೆಗ್‌ಗೆ ಬಲವಾದ ಶಿಫಾರಸು ಇದೆ. ಲ್ಯಾಕ್ಟುಲೋಸ್, ಸೆನ್ನಾ, ನಾರಿನ ಪೌಡರ್‌ಗಳಿಗೆ ಅದಕ್ಕಿಂತ ಮೆದುವಾದ ಶಿಫಾರಸು. ಎರಡೂ ಸಿಗುವುದಾದರೆ, ಜೇಬಿಗೆ ಹೊರೆಯಾಗದಿದ್ದರೆ, ನಾನು ಪೆಗ್ ಕಡೆಗೇ ವಾಲುತ್ತೇನೆ. ‘ಇದು ಕೊಲೊನೋಸ್ಕೋಪಿಗೆ ಕೊಡೋದಲ್ವಾ?’ ಅಂತ ಕೆಲವರು ಗಾಬರಿಯಾಗುತ್ತಾರೆ. ಹೌದು, ಅದೇ ವಸ್ತು. ಅಲ್ಲಿ ಕರುಳು ಪೂರ್ತಿ ತೊಳೆಯಲು ಲೀಟರುಗಟ್ಟಲೆ ಕುಡಿಸುತ್ತಾರೆ, ಇಲ್ಲಿ ಒಂದು ಲೋಟ.

ಬೆಲೆ ನೋಡುವವರು ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ, ಲ್ಯಾಕ್ಟುಲೋಸ್ ಅಲ್ಲಿ ಕಡಿಮೆಗೆ ಸಿಗುತ್ತದೆ. ನಮ್ಮ ವ್ಯಾಪಾರಕ್ಕೆ ಪೆಟ್ಟು, ಆದರೂ ಹೇಳುತ್ತಿದ್ದೇನೆ.

ಗುಲಾಬಿ ಬಣ್ಣದ ಬಾಟಲಿಯ ಸಿರಪ್‌ಗಳನ್ನೂ ಜನ ಹೆಸರು ಹಿಡಿದು ಕೇಳುತ್ತಾರೆ. ಸಾದಾ ಕ್ರಿಮಾಫಿನ್‌ನಂಥವುಗಳಲ್ಲಿ ಮಿಲ್ಕ್ ಆಫ್ ಮೆಗ್ನೀಷಿಯಾ ಮತ್ತು ಲಿಕ್ವಿಡ್ ಪ್ಯಾರಫಿನ್ ಇರುತ್ತದೆ. ಹೆಸರಿನ ಮುಂದೆ ‘ಪ್ಲಸ್’ ಅಂತ ಬಂದರೆ ಸೋಡಿಯಂ ಪಿಕೋಸಲ್ಫೇಟ್ ಕೂಡ ಸೇರಿರುತ್ತದೆ, ಅದು ಕರುಳನ್ನು ಹಿಂಡಿಸುವ ಬೇರೆ ಜಾತಿ. ಒಂದೇ ಅಂದುಕೊಂಡು ಅದಲು ಬದಲು ಮಾಡಬೇಡಿ. ಕಿಡ್ನಿ ತೊಂದರೆ ಇರುವವರಿಗೆ ಮೆಗ್ನೀಷಿಯಂ ಇರುವ ಯಾವುದೂ ಬೇಡ. ಮಲಗಿದಲ್ಲೇ ಇರುವ ಹಿರಿಯರಿಗೆ ಪ್ಯಾರಫಿನ್ ಕುಡಿಸಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಭಯ ಇದೆ.

ಚೂರ್ಣ, ಮಾತ್ರೆ, ಹರಳೆಣ್ಣೆ: ಬೇಗ ಆಗುವ ಗುಂಪು

‘ನನಗೆ ಇಂಗ್ಲಿಷ್ ಮಾತ್ರೆ ಬೇಡ, ಚೂರ್ಣ ಕೊಡಿ, ನ್ಯಾಚುರಲ್’ ಅನ್ನುವವರಿಗೆ ನಾನು ಡಬ್ಬಿ ತಿರುಗಿಸಿ ಹಿಂದಿನ ಸಣ್ಣಕ್ಷರ ತೋರಿಸುತ್ತೇನೆ. ಹೆಸರಾಂತ ಚೂರ್ಣಗಳಲ್ಲಿ ಹೆಚ್ಚಿನವಕ್ಕೆ ಬಲ ಬರುವುದು ಸೋನಾಮುಖಿ ಎಲೆಯಿಂದ. ಲೇಬಲ್ ಮೇಲೆ ಸ್ವರ್ಣಪತ್ರಿ, ಸನಾಯ್, ಸೆನ್ನಾ ಅಂತಲೂ ಇರಬಹುದು. ಗ್ರಂಧಿಗೆ ಅಂಗಡಿಯಲ್ಲಿ ಬಿಡಿ ಎಲೆಯಾಗಿಯೂ ಸಿಗುತ್ತದೆ. ಇದರ ಸೆನ್ನೊಸೈಡ್ ಅನ್ನುವ ಅಂಶ ದೊಡ್ಡ ಕರುಳನ್ನು ಕೆರಳಿಸಿ ಹಿಂಡಿಸುತ್ತದೆ. ರಾತ್ರಿ ತಗೊಂಡರೆ ಬೆಳಿಗ್ಗೆ ಆಗುತ್ತದೆ. ಬಿಸಕೊಡಿಲ್ ಮಾತ್ರೆ ಮಾಡುವುದೂ ಅದೇ ಕೆಲಸ, ಅದೇ 6ರಿಂದ 12 ಗಂಟೆಯಲ್ಲಿ. ಒಂದು ಎಲೆ, ಒಂದು ಮಾತ್ರೆ, ಜಾತಿ ಮಾತ್ರ ಒಂದೇ. ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಅಂತ ಗೊತ್ತಿರುತ್ತದೆ. ಚೂರ್ಣದಲ್ಲಿ ಚಮಚ ತುಂಬಿದ್ದಾ, ಅಳತೆಯದ್ದಾ ಅನ್ನುವುದರ ಮೇಲೆ ಲೆಕ್ಕ ಏರುಪೇರಾಗುತ್ತದೆ. ಬಿಸಕೊಡಿಲ್ ಮಾತ್ರೆಯನ್ನು ಹಾಲಿನ ಜೊತೆ, ಆಂಟಾಸಿಡ್ ಜೊತೆ ನುಂಗಬೇಡಿ. ಮೇಲಿನ ಲೇಪ ಹೊಟ್ಟೆಯಲ್ಲೇ ಕರಗಿ ನುಲಿಯುತ್ತದೆ.

ಈ ಗುಂಪು ಕೆಟ್ಟದ್ದೇನಲ್ಲ. ಮೂರ್ನಾಲ್ಕು ದಿನ ಆಗದೆ ಒದ್ದಾಡುವಾಗ ಒಂದು ರಾತ್ರಿಗೆ ಒಳ್ಳೆಯ ಉಪಾಯ. ಡಾಕ್ಟರ ಮಾತಿನ ಮೇಲೆ ಕೆಲವು ವಾರವೂ ತಗೊಳ್ಳಬಹುದು. ತೊಂದರೆ ಶುರುವಾಗುವುದು ಇಲ್ಲಿ. ಚೂರ್ಣ ತಗೊಂಡ ಮಾರನೇ ದಿನ ಕರುಳು ಪೂರ್ತಿ ಖಾಲಿಯಾಗುತ್ತದೆ. ಮತ್ತೆ ತುಂಬಲು ಎರಡು ಮೂರು ದಿನ ಬೇಕೇ ಬೇಕು. ಆ ಎರಡು ದಿನ ಏನೂ ಆಗದಿರುವುದು ಸಹಜ. ಆದರೆ ‘ನೋಡಿ, ಚೂರ್ಣ ಬಿಟ್ಟ ಕೂಡಲೇ ಕಟ್ಟಿಕೊಂಡಿತು’ ಅಂತ ಮತ್ತೊಂದು ಚಮಚ. ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ‘ಕರುಳು ಸೋಮಾರಿಯಾಗಿಬಿಡುತ್ತದೆ’ ಅನ್ನುವ ಹೆದರಿಕೆಗೆ ಗಟ್ಟಿ ಆಧಾರವಿಲ್ಲ. ಆದರೆ ಅತಿಯಾದರೆ ಹೊಟ್ಟೆ ನುಲಿತ, ಬೇಧಿ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವುದು ಇವೆಲ್ಲ ನಿಜ. ಹೃದಯದ ಮಾತ್ರೆ, ಮೂತ್ರದ ಮಾತ್ರೆ ತಗೊಳ್ಳುವವರಿಗೆ ಆ ಪೊಟ್ಯಾಸಿಯಂ ಆಟದ ಮಾತಲ್ಲ.

ಈಗಾಗಲೇ ದಿನಾ ಚೂರ್ಣ ತಗೊಳ್ಳುತ್ತಿರುವವರು ಒಮ್ಮೆಲೇ ಬಿಡಬೇಡಿ. ಮೊದಲು ಪೆಗ್ ಅಥವಾ ಇಸಬ್ಗೋಲ್ ಶುರು ಮಾಡಿ, ಚೂರ್ಣವನ್ನು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ ಅಂತ ಇಳಿಸಿ. ನಡುವೆ ಖಾಲಿ ದಿನಗಳು ಬಂದರೆ ತಡೆದುಕೊಳ್ಳಿ.

ತ್ರಿಫಲ ಬೇರೆ. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ಮೂರರ ಪುಡಿ. ಸೋನಾಮುಖಿಯಷ್ಟು ಜೋರಿಲ್ಲ, ಅದಕ್ಕೇ ನನಗೆ ಅದರ ಮೇಲೆ ಸ್ವಲ್ಪ ಒಲವು. ದೊಡ್ಡ ಪರೀಕ್ಷೆಗಳು ಕಡಿಮೆ. ‘ತ್ರಿಫಲ’ ಅಂತ ಡಬ್ಬಿಯ ಮುಂದೆ ದೊಡ್ಡದಾಗಿ ಬರೆದು ಒಳಗೆ ಸೋನಾಮುಖಿ ಸೇರಿಸಿರುವುದೂ ಉಂಟು, ಹಿಂಬದಿ ಓದಿ.

ಹರಳೆಣ್ಣೆ ಹಿಂದಿನವರ ಅಸ್ತ್ರ. ರಜೆಯಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಮೂಗು ಹಿಡಿದು ಕುಡಿಸಿ, ಆಮೇಲೆ ತಿಳಿಸಾರು ಅನ್ನ ಹಾಕುತ್ತಿದ್ದ ಮನೆಗಳು ಎಷ್ಟೋ. ಎರಡರಿಂದ ಆರು ಗಂಟೆಯಲ್ಲಿ ಜೋರಾಗಿ ಬೇಧಿ ಮಾಡಿಸುತ್ತದೆ. ಇಷ್ಟೊಂದು ಬೇರೆ ದಾರಿ ಇರುವಾಗ ಈಗ ಇದರ ಅವಶ್ಯಕತೆ ಇಲ್ಲ. ಬಸುರಿಯರಿಗಂತೂ ಬೇಡವೇ ಬೇಡ, ಗರ್ಭಕೋಶ ಹಿಂಡುತ್ತದೆ.

ಕೆಳಗಿನಿಂದ ಕೊಡುವವು

ಗ್ಲಿಸರಿನ್ ಅಥವಾ ಬಿಸಕೊಡಿಲ್ ಸಪೋಸಿಟರಿ ಗುದದೊಳಗೆ ಇಡುವ ಗುಳಿಗೆ. ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಮಾಡುತ್ತದೆ. ಮಲ ಬಾಗಿಲಲ್ಲೇ ಗಟ್ಟಿಯಾಗಿ ಕೂತಿದ್ದರೆ ಬಾಯಿಂದ ಕುಡಿಯುವ ಯಾವ ಔಷಧಿಗಿಂತ ಇದೇ ಮೇಲು. ಎನಿಮಾ ಅಂಗಡಿಯಲ್ಲಿ ಸಿಗುತ್ತದೆ ಅಂತ ಮನೆಯಲ್ಲೇ ಮೇಲಿಂದ ಮೇಲೆ ಮಾಡಬೇಡಿ. ಫಾಸ್ಫೇಟ್ ಎನಿಮಾ ವಯಸ್ಸಾದವರಿಗೆ, ಕಿಡ್ನಿ ತೊಂದರೆಯವರಿಗೆ ಅಪಾಯ. ‘ಕೋಲನ್ ಡೀಟಾಕ್ಸ್’, ಕಾಫಿ ಎನಿಮಾ ಅಂತೆಲ್ಲ ಮಾರುವವರಿಗೆ ದುಡ್ಡು ಕೊಡಬೇಡಿ. ಕರುಳಿಗೆ ಆ ತೊಳೆತ ಬೇಕಿಲ್ಲ.

ಹಿರಿಯರ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಒಬ್ಬರು ಬಂದು, ‘ಸಾರ್, ಅಮ್ಮಂಗೆ ಲೂಸ್ ಮೋಶನ್, ನಿಲ್ಲೋ ಮಾತ್ರೆ ಕೊಡಿ’ ಅಂದರು. ಎಷ್ಟು ದಿನದಿಂದ ಅಂದೆ. ನಿನ್ನೆಯಿಂದ, ಸ್ವಲ್ಪ ಸ್ವಲ್ಪ ನೀರಾಗಿ ಸೋರುತ್ತಿದೆ ಅಂದರು. ‘ಅದಕ್ಕೆ ಮುಂಚೆ?’ ಅಂತ ಕೇಳಿದರೆ, ‘ಅದಕ್ಕೆ ಮುಂಚೆ ಒಂದು ವಾರ ಆಗೇ ಇರ್ಲಿಲ್ಲ’. ಇದು ಬೇಧಿಯಲ್ಲ. ಗಟ್ಟಿ ಮಲ ಬಿರಡೆಯಾಗಿ ಕೂತು, ಪಕ್ಕದಿಂದ ನೀರು ಜಾರುತ್ತಿರುತ್ತದೆ. ಇದಕ್ಕೆ ಬೇಧಿ ನಿಲ್ಲಿಸುವ ಲೊಪೆರಮೈಡ್ ಮಾತ್ರೆ ಕೊಟ್ಟರೆ ಇನ್ನೂ ಕಟ್ಟುತ್ತದೆ. ಮಾತ್ರೆ ಕೊಡಲಿಲ್ಲ, ಡಾಕ್ಟರ ಹತ್ತಿರ ಕಳಿಸಿದೆ.

ಮಕ್ಕಳು, ಬಸುರಿಯರು

ಎದೆಹಾಲು ಕುಡಿಯುವ ಕೂಸು ಒಂದೂವರೆ ತಿಂಗಳಾದ ಮೇಲೆ ಕೆಲವು ದಿನ ಹೋಗದಿದ್ದರೂ, ಹೋದಾಗ ಮೆತ್ತಗಿದ್ದು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಗಾಬರಿ ಬೇಡ. ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಡುವುದು, ಸೋಪಿನ ಚೂರು ಇಡುವುದು ಅಜ್ಜಿಯರ ಕಾಲದ್ದು. ಅಜ್ಜಿ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಬೇಡ ಅನ್ನಿ. ಆ ಚರ್ಮ ಸೂಕ್ಷ್ಮ, ಗಾಯವಾಗುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವೂ ಬೇಡ.

ದೊಡ್ಡ ಮಕ್ಕಳದ್ದು ಹೆಚ್ಚಾಗಿ ತಡೆದುಕೊಳ್ಳುವ ಕಥೆ. ಒಮ್ಮೆ ನೋವಾಗಿರುತ್ತದೆ, ಅಥವಾ ಶಾಲೆಯ ಟಾಯ್ಲೆಟ್ ಗಲೀಜಿರುತ್ತದೆ. ಮಗು ಕಾಲು ಬಿಗಿದು, ಪರದೆ ಹಿಂದೆ ನಿಂತು ತಡೆಯುತ್ತದೆ. ಅಪ್ಪ ಅಮ್ಮ ಅದನ್ನು ತಿಣುಕುತ್ತಿದೆ ಅಂದುಕೊಳ್ಳುತ್ತಾರೆ. ಮಕ್ಕಳಿಗೆ ಮೊದಲ ಆಯ್ಕೆ ಪೆಗ್. ತೂಕ ನೋಡಿ ಡೋಸ್ ಹೇಳಬೇಕಾದವರು ಮಕ್ಕಳ ಡಾಕ್ಟರು. ಸರಿಹೋಯಿತು ಅಂತ ವಾರಕ್ಕೇ ನಿಲ್ಲಿಸಿದರೆ ಮತ್ತೆ ಬರುತ್ತದೆ, ತಿಂಗಳುಗಟ್ಟಲೆ ಕೊಡಬೇಕಾಗಬಹುದು. ಹಾಲು ಲೀಟರುಗಟ್ಟಲೆ ಕುಡಿದು ಊಟ ಬಿಡುವ ಮಗುವಾದರೆ ಹಾಲು ಇಳಿಸಿ.

ಬಸುರಿಯರಿಗೆ ಊಟ, ಇಸಬ್ಗೋಲ್, ಆಮೇಲೆ ಲ್ಯಾಕ್ಟುಲೋಸ್. ಈ ಸಾಲಿನಲ್ಲೇ ಹೋಗಿ, ಡಾಕ್ಟರಿಗೆ ಹೇಳಿಯೇ ತಗೊಳ್ಳಿ.

ಅಂಗಡಿ ಮುಗಿದು ಆಸ್ಪತ್ರೆ ಶುರುವಾಗುವುದು ಯಾವಾಗ

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು, 45 ದಾಟಿದ ಮೇಲೆ ಹೊಸದಾಗಿ ಶುರುವಾದದ್ದು, ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದದ್ದು, ಇವುಗಳಲ್ಲಿ ಯಾವುದಿದ್ದರೂ ಚೂರ್ಣ ಹುಡುಕಬೇಡಿ, ಪರೀಕ್ಷೆ ಮಾಡಿಸಿ. ರಕ್ತ ಕಂಡರೆ ‘ಪೈಲ್ಸೇ ಇರಬೇಕು’ ಅಂತ ಗೋಡೆ ಮೇಲಿನ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಚಿಕಿತ್ಸೆ’ ಬೋರ್ಡಿನ ನಂಬರಿಗೆ ಫೋನ್ ಮಾಡುವುದು ನಮ್ಮ ಊರಿನ ದೊಡ್ಡ ತಪ್ಪು. ಹೊಟ್ಟೆ ಊದಿ, ವಾಂತಿಯಾಗಿ, ಗ್ಯಾಸ್ ಕೂಡ ಹೋಗದಿದ್ದರೆ ಅದೇ ದಿನ ಎಮರ್ಜೆನ್ಸಿಗೆ ಹೋಗಿ.

ಆ ಲಕ್ಷಣಗಳಿಲ್ಲದೆ, ಇಸಬ್ಗೋಲ್ ಮತ್ತು ಪೆಗ್ ಎರಡನ್ನೂ ಸರಿಯಾಗಿ ತಗೊಂಡು ಸರಿಹೋಗದಿದ್ದರೆ ಮೊದಲು ನಿಮ್ಮ ಏರಿಯಾದ ಡಾಕ್ಟರು ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’. ಅಲ್ಲಿಂದ ಮುಂದೆ ಬೇಕಾದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಆಯುರ್ವೇದವೇ ಬೇಕು ಅನ್ನುವವರು ಟಿವಿ ಜಾಹೀರಾತು ನೋಡಿ ಡಬ್ಬಿ ಕೊಳ್ಳುವ ಬದಲು ಧನ್ವಂತರಿ ರಸ್ತೆಯ ಜಯಚಾಮರಾಜೇಂದ್ರ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರ ಕೈಯಲ್ಲಿ ನೋಡಿಸಿಕೊಳ್ಳಿ.

ನಿಧಾನ ಕರುಳಿನವರಿಗೆ ಡಾಕ್ಟರು ಪ್ರುಕಾಲೊಪ್ರೈಡ್‌ನಂಥ ಮಾತ್ರೆ ಬರೆಯಬಹುದು. ಮೊದಲ ಕೆಲವು ದಿನ ತಲೆನೋವು ಬರುವುದುಂಟು, ಚೀಟಿ ಇಲ್ಲದೆ ಕೇಳಬೇಡಿ. ಬಾಗಿಲ ತೊಂದರೆಯವರಿಗೆ ಮದ್ದು ಬಯೋಫೀಡ್‌ಬ್ಯಾಕ್ ಅನ್ನುವ ತರಬೇತಿ. ಗುದನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿ ಪರೀಕ್ಷೆ ಮಾಡಿ, ಪರದೆ ಮೇಲೆ ತೋರಿಸುತ್ತಾ, ತಿಣುಕುವಾಗ ಯಾವ ಸ್ನಾಯು ಸಡಿಲ ಬಿಡಬೇಕು ಅಂತ ಕಲಿಸುತ್ತಾರೆ. ವರ್ಷಗಟ್ಟಲೆ ಚೂರ್ಣ ಮಾಡದ ಕೆಲಸವನ್ನು ಇದು ಕೆಲವೇ ಸಿಟ್ಟಿಂಗ್‌ಗಳಲ್ಲಿ ಮಾಡಬಲ್ಲದು. ದೊಡ್ಡ ಆಸ್ಪತ್ರೆಗಳ ಗ್ಯಾಸ್ಟ್ರೋ ವಿಭಾಗದಲ್ಲಿ ‘ಮ್ಯಾನೋಮೆಟ್ರಿ ಮತ್ತು ಬಯೋಫೀಡ್‌ಬ್ಯಾಕ್ ಎರಡೂ ಮಾಡ್ತೀರಾ?’ ಅಂತ ಫೋನಿನಲ್ಲೇ ಕೇಳಿಕೊಂಡು ಹೋಗಿ.

ಹೋಗುವಾಗ ತಗೊಳ್ಳುತ್ತಿರುವ ಎಲ್ಲ ಮಾತ್ರೆ, ಚೂರ್ಣ, ಸಿರಪ್‌ಗಳ ಫೋಟೋ ತೆಗೆದುಕೊಂಡಿರಿ, ಲೇಬಲ್‌ನ ಹಿಂಬದಿಯದ್ದೂ ಸೇರಿ. ಡಾಕ್ಟರು ಬೆರಳಿನಿಂದ ಒಳಗೆ ಪರೀಕ್ಷೆ ಮಾಡಬೇಕು ಅಂದರೆ ನಾಚಿಕೆಯಿಂದ ಬೇಡ ಅನ್ನಬೇಡಿ. ಅರ್ಧ ನಿಮಿಷದ್ದು. ಗಂಟು, ಮೂಲವ್ಯಾಧಿ, ಕೂತ ಮಲ, ಸಡಿಲವಾಗದ ಸ್ನಾಯು ಇವುಗಳಲ್ಲಿ ಎಷ್ಟೋ ಅಲ್ಲೇ ಗೊತ್ತಾಗುತ್ತದೆ, ಸ್ಕ್ಯಾನಿಂಗ್ ಖರ್ಚೂ ಎಷ್ಟೋ ಸಲ ಉಳಿಯುತ್ತದೆ.